ಮಲಗಿದ ಗಿಡದ ಕಾವಲು

ಇಂಗ್ಲೆಂಡಿನ ಲೀಡ್ಸ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಅಕ್ಟೋಬರ್ ಕೊನೆಯಿಂದ ಮಾರ್ಚ್ ಕಳೆಯುವವರೆಗೆ ಅಲ್ಲಿ ಫ್ಯೂಶಿಯಾ ಗಿಡಗಳು ಮಲಗಿರುತ್ತವೆ. ನೋಡಿದವರಿಗೆ ಅವು ಗಿಡ ಅಂತಲೇ ಅನ್ನಿಸುವುದಿಲ್ಲ. ಮಣ್ಣು ತುಂಬಿದ ಕುಂಡಕ್ಕೆ ಯಾರೋ ನಾಲ್ಕು ಒಣ ಪುಳ್ಳೆ ಸಿಕ್ಕಿಸಿಟ್ಟ ಹಾಗೆ ಕಾಣುತ್ತವೆ. ಒಮ್ಮೆ ಮನೆಗೆ ಬಂದ ಗೆಳತಿಯೊಬ್ಬಳು ಗ್ಯಾರೇಜು ಚೊಕ್ಕಟ ಮಾಡಿಕೊಡುತ್ತೇನೆಂದು ಎರಡು ಕುಂಡ ಎತ್ತಿಕೊಂಡು ಕಸದ ಡಬ್ಬಿಯ ಕಡೆಗೆ ಹೊರಟೇಬಿಟ್ಟಿದ್ದಳು. ಓಡಿ ಹೋಗಿ ತಡೆದು, ಒಂದು ಪುಳ್ಳೆಯ ಸಿಪ್ಪೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೋರಿಸಿದೆ. ಒಳಗೆ ಎಳೆ ಹಸಿರು, ಮುಟ್ಟಿದರೆ ತೇವ. ಅವಳು ಕುಂಡಗಳನ್ನು ಎರಡೂ ಕೈಯಲ್ಲಿ ಹಿಡಿದು ಮೊದಲಿದ್ದ ಜಾಗದಲ್ಲೇ ಇಟ್ಟಳು.

ಫ್ಯೂಶಿಯಾ ನೋಡದವರಿಗೆ ಅದನ್ನು ಹೇಗೆ ಹೇಳಲಿ? ತಲೆ ಕೆಳಗಾಗಿ ತೂಗುವ ಹೂ. ಮೇಲೆ ಕೆಂಪು ನಾಲ್ಕು ಎಸಳು ರೆಕ್ಕೆ ಬಿಚ್ಚಿದಂತೆ, ಅದರ ಕೆಳಗೆ ನೇರಳೆ ಬಣ್ಣದ ಪುಟ್ಟ ಲಂಗ, ಲಂಗದೊಳಗಿಂದ ಇಳಿಬಿದ್ದ ಉದ್ದುದ್ದ ಕೇಸರಗಳು. ವಾಸನೆ ಇಲ್ಲ. ಅದರ ತವರಿನಲ್ಲಿ, ಅಮೆರಿಕ ಖಂಡಗಳಲ್ಲಿ, ಗಾಳಿಯಲ್ಲೇ ನಿಂತು ಜೇನು ಹೀರುವ ಹಮ್ಮಿಂಗ್‌ಬರ್ಡ್‌ಗಳು ಇದರ ಬಳಿಗೆ ಬರುತ್ತವೆ. ಹಕ್ಕಿಯನ್ನು ಕರೆಯಲು ಬಣ್ಣ ಸಾಕು, ಪರಿಮಳ ಬೇಡ. ವಿಡಿಯೊ ಕಾಲಿನಲ್ಲಿ ಮೊದಲ ಸಲ ತೋರಿಸಿದಾಗ ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಇದು ಜುಮುಕಿಯಲ್ವೇನೇ!" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಇದರ ಹೆಸರು ಜುಮುಕಿ ಗಿಡ.

ಮೊದಲ ಜುಮುಕಿ ಗಿಡ ನನ್ನ ಕೈಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಊರಿಗೆ ನಾವು ಹೊಸಬರು. ಅಂಗಡಿಯ ಬಾಗಿಲಲ್ಲಿ ತೂಗುಬುಟ್ಟಿಯೊಂದನ್ನು ಕಂಡು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದೆ. ಜೂನಿನಿಂದ ಅಕ್ಟೋಬರಿನವರೆಗೆ ಅದು ಹೂ ಬಿಡುವುದನ್ನು ನಿಲ್ಲಿಸಲಿಲ್ಲ. ಚಳಿ ಶುರುವಾದಾಗ ನನಗಿದ್ದ ಯೋಚನೆ ಒಂದೇ: ಪಾಪ, ಅದಕ್ಕೆ ಚಳಿಯಾಗುತ್ತದೆ. ಒಳಗೆ ತಂದು, ಮನೆಯಲ್ಲೇ ಅತಿ ಬೆಚ್ಚಗಿನ ಜಾಗವಾದ, ಕೋಣೆ ಬಿಸಿಮಾಡುವ ರೇಡಿಯೇಟರಿನ ಪಕ್ಕದ ಕಿಟಕಿಯಲ್ಲಿಟ್ಟೆ. ದಿನಾ ನೀರು, ವಾರಕ್ಕೊಮ್ಮೆ ಗೊಬ್ಬರ.

ಗಿಡ ಬೆಳೆಯಿತು. ಆದರೆ ಹೇಗೆ ಬೆಳೆಯಿತು! ದಾರದಷ್ಟು ಸಪೂರದ ಕುಡಿಗಳು, ಗೆಣ್ಣಿಗೂ ಗೆಣ್ಣಿಗೂ ಗೇಣು ದೂರ, ಎಲೆಗಳ ಬಣ್ಣ ಬಾಡಿದ ಬಾಳೆಸುಳಿಯಂತೆ. ಡಿಸೆಂಬರಿನಲ್ಲಿ ಇಲ್ಲಿ ಎಂಟು ಗಂಟೆ ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಮಧ್ಯಾಹ್ನ ನಾಲ್ಕರೊಳಗೆ ಮುಳುಗುತ್ತಾನೆ. ರೇಡಿಯೇಟರಿನ ಶಾಖ ಗಿಡಕ್ಕೆ ಬೆಳೆ ಬೆಳೆ ಎನ್ನುತ್ತಿದೆ, ಬೆಳೆಯಲು ಬೇಕಾದ ಬೆಳಕೇ ಇಲ್ಲ. ಗಿಡ ತನ್ನ ಮೈಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಆ ಬಡಕಲು ಕುಡಿಗಳಿಗೆ ಸುರಿದು ಬರಿದಾಯಿತು. ಜನವರಿಯಲ್ಲಿ ಎಲೆಯಡಿ ಬಿಳಿನೊಣ ತುಂಬಿದವು. ಫೆಬ್ರವರಿಯಲ್ಲಿ ಸತ್ತಿತು. ಆ ಸಾವಿನ ಬಗ್ಗೆ ನನಗೆ ಈಗಲೂ ಸಂಕಟವಿದೆ. ಹೊರಗಿನ ಚಳಿ ಅದನ್ನು ಮುಟ್ಟಿಯೇ ಇರಲಿಲ್ಲ.

ಮರುವರ್ಷ ಇನ್ನೊಂದು ಗಿಡ ತಂದೆ. ಈ ಸಲ ತಣ್ಣಗಿಡಬೇಕು ಎಂದು ತಿಳಿದುಕೊಂಡು, ಹಿತ್ತಲಿನ ಮರದ ಶೆಡ್ಡಿನಲ್ಲಿಟ್ಟು ಬಾಗಿಲು ಹಾಕಿದೆ. ನೀರು ಬೇಡ ಅಂದುಕೊಂಡೆ. ಮಾರ್ಚಿನಲ್ಲಿ ಕುಂಡ ಕವುಚಿದಾಗ ಒಣಗಿದ ಮಣ್ಣಿನ ಮುದ್ದೆ ಸದ್ದು ಮಾಡುತ್ತ ಬಿತ್ತು. ಬೇರುಗಳು ತೆಂಗಿನ ನಾರಿನ ಹಾಗೆ ಮುರಿಯುತ್ತಿದ್ದವು. ಮಲಗಿದ ಗಿಡಕ್ಕೂ ಬೇರು ಒಣಗಬಾರದು.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳುತ್ತ ಕೂತಿದ್ದೆ. ನಮ್ಮದು ಸಾಗರದ ಕಡೆಯ ಹಳ್ಳಿ. ಇಬ್ಬನಿ ಹೆಪ್ಪುಗಟ್ಟಿ ನೆಲವೆಲ್ಲ ಬೆಳ್ಳಗಾಗುವ ಫ್ರಾಸ್ಟ್ ಅಂದರೆ ಏನೆಂದು ಅಮ್ಮ ಕಂಡವಳಲ್ಲ. ಆದರೆ ಅವಳು ಡೇರೆ, ಅಂದರೆ ಡೇಲಿಯಾ ಹೂ, ಬೆಳೆಸುವವಳು. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಅಂಗಳವೆಂದರೆ ಡೇರೆ ಹೂವಿನ ಅಂಗಳ. ಮಳೆ ಹಿಡಿಯುವ ಮುಂಚೆ ಗಡ್ಡೆ ನೆಡುವುದು, ಆಟಿ ಶ್ರಾವಣದಲ್ಲಿ ತಟ್ಟೆಯಗಲದ ಹೂ, ಹೂವಿನ ಕಾಲ ಮುಗಿದು ಕಾಂಡ ಒಣಗಿದ ಮೇಲೆ ಗಡ್ಡೆ ಕಿತ್ತು ಕೊಟ್ಟಿಗೆಯ ನೆರಳಿನಲ್ಲಿ ಮರಳಿನೊಳಗೆ ಹೂಳಿಡುವುದು. ಬೇಸಿಗೆಯಿಡೀ ಆ ಮರಳಿಗೆ ಅಮ್ಮ ಆಗಾಗ ಕೈಯಲ್ಲಿ ನೀರು ಚಿಮುಕಿಸುತ್ತಿದ್ದಳು. ಜಾಸ್ತಿಯಾದರೆ ಗಡ್ಡೆ ಕೊಳೆಯುತ್ತದೆ, ಮರೆತರೆ ಸುಕ್ಕುಗಟ್ಟುತ್ತದೆ. ಚಿಕ್ಕವಳಿದ್ದಾಗ ಆ ಮರಳಿಗೆ ಕೈ ಹಾಕಿ ಗಡ್ಡೆ ಎಣಿಸಿದ್ದಕ್ಕೆ ಬೈಸಿಕೊಂಡಿದ್ದೇನೆ.

"ನಿದ್ದೆ ಬಂದ ಮಗುಗೆ ಅನ್ನ ಉಣ್ಸಕ್ಕೆ ಹೋಗ್ತಾರಾ ಮಾರಾಯ್ತಿ?" ಅಂದಳು ಅಮ್ಮ. "ನಮ್ಮ ಡೇರೆ ಬ್ಯಾಸಿಗೆ ಮಲಗ್ತದೆ, ನಿಮ್ಮ ಜುಮುಕಿ ಚಳಿಗೆ ಮಲಗ್ತದೆ. ಅದರ ಪಾಡಿಗೆ ಮಲಗಕ್ಕೆ ಬಿಡು. ಅಮಾಸೆಗೊಂದು ಸಲ ನೀರು ತೋರ್ಸು, ಸಾಕು. ಅಮಾಸೆಯಾದ್ರೆ ಲೆಕ್ಕ ತಪ್ಪೂದಿಲ್ಲ."

ಆಮೇಲೆ ಗೊತ್ತಾಯಿತು, ಇಲ್ಲಿಯ ಹಳೆಯ ತೋಟಗಾರರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಮೂರು ನಾಲ್ಕು ವಾರಕ್ಕೊಮ್ಮೆ, ಬೇರು ಒಣಗದಷ್ಟು. ಅಮ್ಮನ ಅಮಾವಾಸ್ಯೆ ಸರಿಯಾಗಿಯೇ ಇತ್ತು.

ಕೈಹಿಡಿದು ಕಲಿಸಿದವರು ಮಾತ್ರ ಎರಡು ಮನೆಯಾಚೆಗಿನ ಅಜ್ಜ. ಬಸ್ ಓಡಿಸಿ ನಿವೃತ್ತರಾದವರು. ಅವರ ಹಿತ್ತಲಲ್ಲಿ ನಲವತ್ತರ ಮೇಲೆ ಫ್ಯೂಶಿಯಾ ಕುಂಡಗಳು. ನಾನು ಬೇಲಿಯಾಚೆ ನಿಂತು ನೋಡುತ್ತಿದ್ದವಳು ಒಂದು ದಿನ ನನ್ನ ಎರಡು ಗಿಡಗಳ ಕಥೆ ಹೇಳಿದೆ. ನಗಲಿಲ್ಲ ಅವರು. ಅಕ್ಟೋಬರಿನಲ್ಲಿ ಬಾ, ಕೆಲಸವಿದೆ ಅಂದರು.

ಅವರ ಕೆಲಸ ಅಕ್ಟೋಬರಿನಲ್ಲಿ ಶುರುವಾಗುವುದಲ್ಲ. ಬೇಸಿಗೆ ಇಳಿಯುತ್ತಿದ್ದಂತೆಯೇ ಗೊಬ್ಬರ ಕಡಿಮೆ ಮಾಡಿ ನಿಲ್ಲಿಸಿಬಿಡುತ್ತಾರೆ. ಚಳಿಯ ಹೊಸ್ತಿಲಲ್ಲಿ ಎಳೆ ಚಿಗುರು ಇರಬಾರದು, ಕಾಂಡ ಬಲಿತು ಕಂದಾಗಿರಬೇಕು. ಸೆಪ್ಟೆಂಬರಿನಲ್ಲಿ ಪ್ರತಿ ಗಿಡದಿಂದ ಬೆರಳುದ್ದದ ಎರಡು ಕುಡಿ ಚಿವುಟಿ ಪುಟ್ಟ ಕುಂಡಗಳಲ್ಲಿ ಬೇರು ಬರಿಸುತ್ತಾರೆ. ತಾಯಿ ಹೋದರೂ ಮಗು ಉಳಿಯಲಿ ಎಂದು. ಮೊದಲ ಗಟ್ಟಿ ಫ್ರಾಸ್ಟ್ ಬೀಳುವ ಮುಂಚೆ ಕುಂಡಗಳು ಒಳಗೆ. ಆಗ ಗಿಡವನ್ನು ಸುಮಾರು ಅರ್ಧಕ್ಕೆ ಸವರುತ್ತಾರೆ, ಉಳಿದ ಎಲೆಯನ್ನೆಲ್ಲ ಕೈಯಿಂದ ಬಿಡಿಸುತ್ತಾರೆ. ಎಲೆ ಉಳಿದರೆ ಕೊಳೆತು ಬೂಷ್ಟು ಹಿಡಿಯುತ್ತದೆ. ನಾನು ಉತ್ಸಾಹದಲ್ಲಿ ಬುಡದವರೆಗೆ ಕತ್ತರಿಸಲು ಹೋದಾಗ ಕೈ ತಡೆದರು. ಚಳಿಯಲ್ಲಿ ಗಿಡ ತುದಿಯಿಂದ ಕೆಳಕ್ಕೆ ಒಣಗುತ್ತ ಬರುತ್ತದೆ. ಒಣಗಲಿಕ್ಕೆಂದೇ ಒಂದಿಷ್ಟು ಉದ್ದ ಬಿಟ್ಟಿರಬೇಕು. ಬುಡಕ್ಕೇ ಕತ್ತರಿಸಿದರೆ ಒಣಗುವುದು ಜೀವವಿರುವ ಗೆಣ್ಣೇ. ಕೊನೆಯ ಕತ್ತರಿ ಏನಿದ್ದರೂ ವಸಂತದಲ್ಲಿ, ಚಿಗುರು ಎಲ್ಲಿ ಬಂತು ಎಂದು ಕಣ್ಣಾರೆ ನೋಡಿದ ಮೇಲೆ.

ಆಮೇಲೆ ಕುಂಡ ಕವುಚಿ ಬೇರು ನೋಡುವುದು. ವೈನ್ ವೀವಿಲ್ ಎಂಬ ಕಪ್ಪು ಮೂತಿಹುಳ ಬೇಸಿಗೆಯಲ್ಲಿ ಮಣ್ಣಿಗೆ ಮೊಟ್ಟೆಯಿಡುತ್ತದೆ. ಅದರ ಬಿಳಿ ಮರಿಗಳು ಕೊಕ್ಕೆಯ ಹಾಗೆ ಮುದುಡಿಕೊಂಡು, ಕಂದು ತಲೆ ಅಲ್ಲಾಡಿಸುತ್ತ, ಚಳಿಗಾಲವಿಡೀ ಬೇರು ತಿನ್ನುತ್ತವೆ. ಅಡಿಕೆ ತೋಟದ ಬೇರುಹುಳ ನೋಡಿ ಬೆಳೆದ ನನಗೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಗಲಿಲ್ಲ. ವಸಂತದಲ್ಲಿ ಏಳದ ಎಷ್ಟೋ ಗಿಡಗಳು ಚಳಿಯಿಂದ ಸತ್ತವಲ್ಲ, ಈ ಹುಳದಿಂದ ಸತ್ತವು. ಜನ ಮಾತ್ರ ಚಳಿಯನ್ನು ಬೈದು ಹೊಸ ಗಿಡ ಕೊಳ್ಳುತ್ತಾರೆ.

ಯಾವ ಕುಂಡ ಎಲ್ಲಿಗೆ ಎಂದು ವಿಂಗಡಿಸುವಾಗ ಅಜ್ಜ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದರ ಮನೆತನ ಯಾವುದು? ಫ್ಯೂಶಿಯಾದಲ್ಲಿ ನೂರಕ್ಕೂ ಹೆಚ್ಚು ಮೂಲ ಜಾತಿಗಳಿವೆ. ಹೆಚ್ಚಿನವು ದಕ್ಷಿಣ ಅಮೆರಿಕದವು, ಕೆಲವು ಮೆಕ್ಸಿಕೊ ಕಡೆಯವು, ಬೆರಳೆಣಿಕೆಯಷ್ಟು ನ್ಯೂಜಿಲೆಂಡಿನವು. ಅಲ್ಲಿ ಒಂದು ಜಾತಿ ಮರವಾಗಿಯೇ ಬೆಳೆಯುತ್ತದೆ. ಈ ಕುಲಕ್ಕೆ ಹೆಸರಿಟ್ಟವರು ಫ್ರಾನ್ಸಿನ ಸನ್ಯಾಸಿ, ಸಸ್ಯವಿಜ್ಞಾನಿ ಶಾರ್ಲ್ ಪ್ಲುಮಿಯೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಕೆರಿಬಿಯನ್ನಿನ ಹಿಸ್ಪಾನಿಯೋಲಾ ದ್ವೀಪದಲ್ಲಿ ಕೆಂಪು ಹೂವಿನ ಈ ಗಿಡ ಕಂಡು, 1703ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಜರ್ಮನಿಯ ವೈದ್ಯ ಲಿಯೊನ್‌ಹಾರ್ಟ್ ಫುಕ್ಸ್ ನೆನಪಿಗೆ ಅದನ್ನು ಮುಡಿಪಾಗಿಟ್ಟರು. ಫುಕ್ಸ್ ತೀರಿಕೊಂಡದ್ದು 1566ರಲ್ಲಿ. ತನ್ನ ಹೆಸರಿನ ಹೂವನ್ನು ಆತ ಕಾಣಲಿಲ್ಲ.

ಆ ಕೆರಿಬಿಯನ್ ಗಿಡದ ರಕ್ತವಿರುವ ತಳಿಗಳು ಚಳಿಯ ಸುಳಿವಿಗೇ ನಡುಗುತ್ತವೆ. ಅಜ್ಜನ ಬಳಿಯಿದ್ದ ಥಾಲಿಯಾ ಅಂಥದ್ದು. 1905ರಲ್ಲಿ ಜರ್ಮನಿಯಲ್ಲಿ ಬಾನ್‌ಸ್ಟೆಡ್ ಎಂಬವರು ಮಾಡಿದ ತಳಿ, ಉದ್ದ ಕೊಳವೆಯಂಥ ಕಿತ್ತಳೆಗೆಂಪು ಹೂ. ಅದಕ್ಕೆ ಗ್ಯಾರೇಜು ಸಾಲದು, ಮನೆಯೊಳಗಿನ ಬೆಳಕಿರುವ ತಣ್ಣನೆ ಕೋಣೆಯೇ ಆಗಬೇಕು. ಇತ್ತ ಚಿಲಿ, ಅರ್ಜೆಂಟೀನಾಗಳ ದಕ್ಷಿಣ ತುದಿಯ ಮ್ಯಾಜೆಲನಿಕಾ ಜಾತಿ ನೆಲದಲ್ಲೇ ಚಳಿಗಾಲ ಕಳೆಯುತ್ತದೆ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಅದು ರಸ್ತೆಯ ಎರಡೂ ಬದಿಗೆ ಬೇಲಿಯಾಗಿ ಹಬ್ಬಿದ್ದನ್ನು ನೋಡಿ ನಾನು ಕಾರು ನಿಲ್ಲಿಸಿ ಇಳಿದಿದ್ದೇನೆ. ಅಲ್ಲಿಯವರು ಅದನ್ನು ಡ್ಯೋರಾ ಡೇ ಅನ್ನುತ್ತಾರೆ, ದೇವರ ಕಣ್ಣೀರು. ಇಂಥ ಗಟ್ಟಿ ತಳಿಗಳನ್ನು ನೆಲಕ್ಕೆ ನೆಡುವಾಗ ಬುಡ ಎರಡಂಗುಲ ಮಣ್ಣಿನೊಳಗಿರಬೇಕು. ಮೇಲಿನ ಕೊಂಬೆ ಸತ್ತರೂ ಮಣ್ಣಿನಡಿಯ ಗೆಣ್ಣು ಬದುಕಿ ಮತ್ತೆ ಚಿಗುರುತ್ತದೆ. ಕುಂಡದಲ್ಲಿದ್ದರೆ ಆ ರಕ್ಷಣೆ ಇಲ್ಲ. ಚಳಿ ಕೇವಲ ಮೇಲಿನಿಂದ ಬರುವುದಿಲ್ಲ, ನಾಲ್ಕೂ ಬದಿಯಿಂದ ಬೇರಿಗೆ ನುಗ್ಗುತ್ತದೆ.

2022ರ ಶರತ್ಕಾಲದಲ್ಲಿ ಗ್ಯಾಸು, ಕರೆಂಟಿನ ದರ ಏರಿದ್ದು ಇಲ್ಲಿದ್ದವರಿಗೆ ನೆನಪಿರುತ್ತದೆ. ಅಜ್ಜನ ಗ್ರೀನ್‌ಹೌಸಿನಲ್ಲಿ ಒಂದು ಚಿಕ್ಕ ಕರೆಂಟ್ ಹೀಟರ್ ಇತ್ತು. ತೀರಾ ಚಳಿಯಾದಾಗ ತಾನೇ ಹೊತ್ತಿಕೊಳ್ಳುವಂಥದ್ದು. ಆ ವರ್ಷ ಅದರ ಪ್ಲಗ್ಗು ತೆಗೆದಿಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಯೊಳಗೂ ಅವರು ಕೋಟು ಹಾಕಿಕೊಂಡೇ ಕೂತಿದ್ದರು. ನಮ್ಮ ಗ್ಯಾರೇಜಿಗೆ ಹೀಟರ್ ಇಲ್ಲದಿದ್ದರೂ ಒಂದು ಗೋಡೆ ಮನೆಗೆ ಅಂಟಿಕೊಂಡಿದೆ, ಬಾಯ್ಲರ್ ಇರುವುದೂ ಆ ಗೋಡೆಯ ಆಚೆಗೇ. ಕಾರು ಹೊರಗೆ ನಿಲ್ಲಿಸಿಕೊಳ್ಳುತ್ತೇವೆ, ಗಿಡ ತನ್ನಿ ಅಂದೆವು. ತಳ್ಳುಗಾಡಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಸಾಗಿಸಿದೆವು. ಇಪ್ಪತ್ತಾರು ಕುಂಡ ನಮ್ಮಲ್ಲಿಗೆ ಬಂದವು. ಥಾಲಿಯಾ ನಮ್ಮ ಅತಿಥಿ ಕೋಣೆಯ ಕಿಟಕಿಗೆ ಹೋಯಿತು. ಒಂದಿಷ್ಟು ಗ್ರೀನ್‌ಹೌಸಿನಲ್ಲೇ ಉಳಿದವು, ಅವುಗಳ ನಡುವೆ ಅಜ್ಜನ ಸ್ಟ್ಯಾಂಡರ್ಡ್ ಕೂಡ.

ಸ್ಟ್ಯಾಂಡರ್ಡ್ ಅಂದರೆ ಫ್ಯೂಶಿಯಾವನ್ನು ಪುಟ್ಟ ಮರದಂತೆ ಬೆಳೆಸುವುದು. ಒಂದೇ ಕಾಂಡ, ಪಕ್ಕದ ಚಿಗುರನ್ನೆಲ್ಲ ಚಿವುಟುತ್ತ, ಬಿದಿರು ಕಡ್ಡಿಗೆ ಕಟ್ಟುತ್ತ, ಎದೆಯೆತ್ತರಕ್ಕೆ ಒಯ್ದು ಅಲ್ಲಿ ಕೊಡೆಯಂತೆ ಬಿಡಿಸುವುದು. ಅವರದು ಮಿಸೆಸ್ ಪಾಪಲ್ ಎಂಬ ತಳಿ. ಮಹಿಳೆಯೊಬ್ಬರ ತೋಟದಲ್ಲಿ ಬೆಳೆದದ್ದನ್ನು ನರ್ಸರಿಯವರು ಕಂಡು ಆಕೆಯ ಹೆಸರನ್ನೇ ಇಟ್ಟದ್ದು. ಗಟ್ಟಿ ತಳಿಯೇ. ಆದರೆ ಗಟ್ಟಿತನವಿರುವುದು ಬುಡದಲ್ಲಿ, ಕಾಂಡದಲ್ಲಲ್ಲ. ಪೊದೆಯಾಗಿದ್ದರೆ ಕೊಂಬೆ ಸತ್ತರೂ ಚಿಂತೆಯಿಲ್ಲ. ಸ್ಟ್ಯಾಂಡರ್ಡಿನಲ್ಲಿ ಆ ಒಂದು ಕಾಂಡವೇ ಎಲ್ಲ, ಅದು ಹೋದರೆ ಮೂರು ಬೇಸಿಗೆಯ ದುಡಿಮೆ ಹೋದ ಹಾಗೆ. ಇದೊಂದು ನನ್ನ ಹತ್ತಿರವೇ ಇರಲಿ ಅಂದರು. ನೀರಿನ ಪೈಪಿಗೆ ಸುತ್ತುವ ಫೋಮನ್ನು ಕಾಂಡಕ್ಕೆ ತೊಡಿಸಿ, ತಲೆಗೆ ಬಿಳಿ ಫ್ಲೀಸ್ ಬಟ್ಟೆ ಎರಡು ಸುತ್ತು ಸುತ್ತಿದರು.

ಡಿಸೆಂಬರ್ ಎರಡನೇ ವಾರ ಶುರುವಾದ ಚಳಿ ಹತ್ತು ದಿನ ಬಿಡಲಿಲ್ಲ. ಹಗಲೂ ಹುಲ್ಲಿನ ಮೇಲಿನ ಫ್ರಾಸ್ಟ್ ಕರಗುತ್ತಿರಲಿಲ್ಲ, ಉಪ್ಪು ಚೆಲ್ಲಿದ ಹಾಗೆ ಬಿದ್ದಿತ್ತು. ಇಂಥ ಚಳಿಯಲ್ಲಿ ಗಿಡದೊಳಗೆ ನಡೆಯುವುದೇನೆಂದರೆ, ಮೊದಲು ಜೀವಕೋಶಗಳ ನಡುವಿನ ನೀರು ಹೆಪ್ಪುಗಟ್ಟುತ್ತದೆ. ಆ ಮಂಜು ಕೋಶಗಳೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಕೋಶ ಬತ್ತಿ ಮುದುಡಿ ಅದರ ಪೊರೆ ಹರಿಯುತ್ತದೆ. ಹೊರಗಿನ ಚಳಿಗೆ ಗಿಡ ಒಳಗಿನಿಂದ ಬಾಯಾರಿ ಸಾಯುತ್ತದೆ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು.

ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕೆಳಗಿಳಿದೆ. ಹೊರಗಿನ ಥರ್ಮಾಮೀಟರ್ ಸೊನ್ನೆಗಿಂತ 6 ಡಿಗ್ರಿ ಕೆಳಗೆ, ಗ್ಯಾರೇಜಿನದು 2 ಡಿಗ್ರಿ ಮೇಲೆ. ಸಿಮೆಂಟ್ ನೆಲ ಕಾಲು ಕೊರೆಯುತ್ತಿತ್ತು. ಕುಂಡಗಳನ್ನು ಬಾಗಿಲ ಕಡೆಯಿಂದ ಮನೆಯ ಗೋಡೆಗೆ ಒತ್ತಿ ಜೋಡಿಸಿದೆ, ಅಡಿಗೆ ರಟ್ಟು ಹಾಕಿದೆ, ಬಾಗಿಲ ಸಂದಿಗೆ ಹಳೆ ಕಂಬಳಿ ತುರುಕಿದೆ. ಒಳಗಿನಿಂದ ಹೀಟರ್ ತಂದಿಡಲು ಕೈ ತವಕಿಸುತ್ತಿತ್ತು. ಇಡಲಿಲ್ಲ. ಬೆಚ್ಚಗಾದರೆ ಅವು ಎಚ್ಚರವಾಗುತ್ತವೆ, ಎದ್ದ ಗಿಡಕ್ಕೆ ಕೊಡಲು ನನ್ನ ಬಳಿ ಬೆಳಕಿಲ್ಲ. 3ರಿಂದ 8 ಡಿಗ್ರಿಯ ನಡುವೆ ಅವು ಸುಖವಾಗಿ ಮಲಗುತ್ತವೆ, ಒಂದು ಡಿಗ್ರಿ ಅತ್ತಿತ್ತ ತಡೆದುಕೊಳ್ಳುತ್ತವೆ. ನಾನು ಮಾಡಬೇಕಾದದ್ದು ಅಷ್ಟನ್ನು ಕಾಯುವುದು, ಮೀರದಿರುವುದು. ಅಲ್ಲೇ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಬೆಳಗ್ಗೆ ಅಜ್ಜನಿಗೆ ಫೋನ್ ಮಾಡಿದೆ. ಗ್ರೀನ್‌ಹೌಸಿನೊಳಗೆ ಸೊನ್ನೆಗಿಂತ 3 ಕೆಳಗೆ ಹೋಗಿತ್ತು.

ಎಳ್ಳಮಾವಾಸ್ಯೆ ಆ ಸಲ ಡಿಸೆಂಬರ್ 23ಕ್ಕೆ ಬಂತು, ಚಳಿ ಸ್ವಲ್ಪ ಸಡಿಲವಾದ ಮೇಲೆ. ಅಮ್ಮನ ಮಾತಿನಂತೆ ನೀರು ತೋರಿಸಿದೆ, ದೊಡ್ಡ ಕುಂಡಕ್ಕೂ ಒಂದು ಲೋಟಕ್ಕಿಂತ ಹೆಚ್ಚಿಲ್ಲ. ಮುಂದಿನ ಎರಡು ಅಮಾವಾಸ್ಯೆಗೂ ಅಷ್ಟೇ.

2023ರ ಯುಗಾದಿ ಮಾರ್ಚ್ 22ಕ್ಕಿತ್ತು. ಒಬ್ಬಟ್ಟಿನ ಹೂರಣ ಒಲೆಯ ಮೇಲಿಟ್ಟು ಗ್ಯಾರೇಜಿಗೆ ಹೋದರೆ, ಕತ್ತಲಲ್ಲೇ ಐದಾರು ಕುಂಡಗಳಲ್ಲಿ ಕೆಂಪುಹಸಿರಿನ ಮೊಗ್ಗುಗಳು, ಸಾಸಿವೆಯಷ್ಟು ದಪ್ಪ. ಅಂದೇ ಒಂದೊಂದಾಗಿ ಬೆಳಕಿಗೆ ತಂದೆವು. ಅಜ್ಜ ಕತ್ತರಿ ಹಿಡಿದು ಕೂತರು. ಜೀವವಿರುವ ಗೆಣ್ಣಿನ ಮೇಲೆ ಕತ್ತರಿಸಿ, ಹಳೆ ಮಣ್ಣು ಕೊಡವಿ, ಹೊಸ ಕಾಂಪೋಸ್ಟಿಗೆ, ಅಷ್ಟೇ ಅಳತೆಯ ಇಲ್ಲವೇ ಒಂದು ಅಳತೆ ಚಿಕ್ಕ ಕುಂಡಕ್ಕೆ. ಬೇರಿಗಿಂತ ಮಣ್ಣು ಹೆಚ್ಚಾದರೆ ಒದ್ದೆ ನಿಂತು ಕೊಳೆಯುತ್ತದೆ. ಹೊರಗಿಡುವುದು ಮೇ ಕೊನೆಗೆ, ಅದೂ ಹತ್ತು ದಿನ ಹಗಲು ಹೊರಗೆ ರಾತ್ರಿ ಒಳಗೆ ರೂಢಿ ಮಾಡಿಸಿ. ಇಪ್ಪತ್ತಾರರಲ್ಲಿ ಇಪ್ಪತ್ತಮೂರು ಎದ್ದವು. ಗ್ರೀನ್‌ಹೌಸಿನಲ್ಲಿ ಉಳಿದವುಗಳಲ್ಲಿ ಅರ್ಧಕ್ಕರ್ಧ ಹೋದವು.

ಸ್ಟ್ಯಾಂಡರ್ಡಿನ ಕಾಂಡವನ್ನು ಉಗುರಿನಿಂದ ಕೆರೆದಾಗ ಒಳಗೆಲ್ಲ ಕಂದು. ಒಂದಡಿ ಕೆಳಗೆ ಕೆರೆದರು, ಕಂದು. ಬುಡದ ಹತ್ತಿರ, ಅಲ್ಲೂ ಕಂದು. ಅಜ್ಜ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಮಾತಾಡಲಿಲ್ಲ. ನಾನು ಕುಂಡವನ್ನು ನಮ್ಮ ಮನೆಗೆ ತಂದೆ. ಫ್ಯೂಶಿಯಾವನ್ನು ಜೂನ್ ಮುಗಿಯುವ ಮುಂಚೆ ಎಸೆಯಬಾರದು ಎಂದು ಕಲಿಸಿದವರು ಅವರೇ. ಏಪ್ರಿಲ್ ಹೋಯಿತು, ಮೇ ಹೋಯಿತು. ಜೂನ್ ಎರಡನೇ ವಾರ, ಸತ್ತ ಕಾಂಡದಿಂದ ಎರಡು ಬೆರಳು ದೂರದಲ್ಲಿ, ಮಣ್ಣು ಸೀಳಿಕೊಂಡು ಮೂರು ಚಿಗುರು ಬಂದವು. ಮರವಾಗಿದ್ದದ್ದು ಪೊದೆಯಾಗಿ ಎದ್ದಿತು. ಅಜ್ಜ ಬಂದು ಮೊಣಕಾಲೂರಿ ನೋಡಿ, ಇದು ಇನ್ನು ನಿನ್ನದು ಅಂದರು.

ಆಗಸ್ಟಿನಲ್ಲಿ ಆ ಪೊದೆಯ ಎಲೆಗಳು ರಾತ್ರೋರಾತ್ರಿ ಮಾಯವಾಗತೊಡಗಿದವು. ಟಾರ್ಚು ಹಿಡಿದು ನೋಡಿದರೆ ಬೆರಳು ದಪ್ಪದ ಕಂದು ಕಂಬಳಿಹುಳ, ಕುತ್ತಿಗೆಯ ಬಳಿ ಹಾವಿನ ಕಣ್ಣಿನಂಥ ಚುಕ್ಕೆ. ಎಲಿಫೆಂಟ್ ಹಾಕ್‌ಮಾತ್ ಎಂಬ ಪತಂಗದ ಮರಿ. ರೈಲು ಹಳಿಯ ಪಕ್ಕ ಬೆಳೆಯುವ ನೇರಳೆಗೆಂಪಿನ ವಿಲೋಹರ್ಬ್ ಅದರ ಮಾಮೂಲಿ ಊಟ. ಫ್ಯೂಶಿಯಾ ಅದೇ ಕುಟುಂಬದ ಗಿಡ, ಹಾಗಾಗಿ ನೆಂಟರ ಮನೆ. ಎದ್ದು ಬಂದ ಗಿಡದ ಎಲೆ ತಿನ್ನುವುದನ್ನು ನೋಡಲು ಕಷ್ಟವಾಯಿತು, ಆದರೂ ತೆಗೆಯಲಿಲ್ಲ. ಒಂದು ದಿನ ಅದೇ ಕಾಣೆಯಾಯಿತು.

ಅಕ್ಟೋಬರಿನಲ್ಲಿ ಬೇರುಹುಳ ಹುಡುಕಲು ಕುಂಡದ ಮೇಲ್ಮಣ್ಣು ಕೆದಕಿದಾಗ, ಉದುರಿದ ಎಲೆಗಳಡಿ ಆ ಕಂಬಳಿಹುಳದ ಕಂದು ಬಣ್ಣದ ಕೋಶವೊಂದು ಸಿಕ್ಕಿತು. ಅಂಗೈಯಲ್ಲಿಟ್ಟರೆ ಬಾಲದ ತುದಿ ಒಮ್ಮೆ ಅಲ್ಲಾಡಿತು. ಮುಂದಿನ ಮೇ ತಿಂಗಳವರೆಗೆ ಅದಕ್ಕೂ ನಿದ್ದೆ. ಅದನ್ನು ಇದ್ದಲ್ಲೇ ಇಟ್ಟು ಮಣ್ಣು ಮುಚ್ಚಿದೆ. ಆ ಕುಂಡವನ್ನು ಗ್ಯಾರೇಜಿಗೆ ಒಯ್ಯಲಿಲ್ಲ. ಕಾಪಾಡಬೇಕಾದ ಕಾಂಡ ಈಗ ಅದಕ್ಕಿಲ್ಲ, ಗಟ್ಟಿ ಬುಡವಿದೆ. ದಕ್ಷಿಣದ ಗೋಡೆಯ ಬದಿಗೆ ಗುಂಡಿ ತೋಡಿ, ಕುಂಡವನ್ನು ಕಂಠದವರೆಗೆ ನೆಲಕ್ಕಿಳಿಸಿ, ಮೇಲೆ ಎಲೆಗೊಬ್ಬರ ದಪ್ಪಗೆ ಹರಡಿದೆ. ಸಂಜೆ ಅಜ್ಜ ಬಂದರು. ಮೂರು ವರ್ಷ ಆ ಕಾಂಡಕ್ಕೆ ಆಸರೆಯಾಗಿದ್ದ ಬಿದಿರು ಕಡ್ಡಿಯನ್ನು ತಂದು, ಯಾರೂ ತುಳಿಯದಿರಲಿ ಎಂದು ಆ ಜಾಗದಲ್ಲಿ ನೆಟ್ಟು ಹೋದರು.